ಗೆರೆ ಎಳೆದ ನಾಲ್ಕು ಮೊಟ್ಟೆ

ದರ್ಜಿಯ ಆರು ಗಿನಿಕೋಳಿಗಳು ತಂದು ಮೂರು ವಾರವಾದರೂ ಗೂಡಿನಲ್ಲಿ ಒಂದು ಮೊಟ್ಟೆಯನ್ನೂ ಇಟ್ಟಿರಲಿಲ್ಲ.

"ಆರೂ ಹುಂಜಾನೇ ತಂದಿದ್ದೀಯ ಕಣೋ, ಭಾನುವಾರ ಮಾರಿಬಿಡ್ತೀನಿ," ಎಂದಳು ಅಕ್ಕ.

ಶನಿವಾರ ಮಧ್ಯಾಹ್ನ ಅವನು ಹೊಲಿಗೆ ಬಿಟ್ಟು ಕೋಳಿಗಳ ಬೆನ್ನು ಹತ್ತಿದ. ಬೇಲಿಯಾಚೆಯ ಎತ್ತರದ ಹುಲ್ಲಿನೊಳಗೆ, ಒಂದೇ ಗುಳಿಯಲ್ಲಿ, ಎಲ್ಲವೂ ಸೇರಿ ಇಟ್ಟ ಇಪ್ಪತ್ತಾರು ಮೊಟ್ಟೆಗಳಿದ್ದವು!

ಪೂರ್ತಿ ಬರಿದು ಮಾಡಿದರೆ ಅವು ಜಾಗ ಬದಲಿಸುತ್ತವೆಂದು ಓದಿದ್ದ. ಆದರೆ ಕೆಲವನ್ನು ಬಿಟ್ಟರೆ ಮರಳುತ್ತವೆಂಬುದನ್ನು ಪರೀಕ್ಷಿಸದೆ ನಂಬುವ ಜಾಯಮಾನ ಅವನದಲ್ಲ. ನಾಲ್ಕರ ಮೇಲೆ ಬಟ್ಟೆ ಗುರುತಿಸುವ ಸೀಮೆಸುಣ್ಣದಿಂದ ಗೆರೆ ಎಳೆದು ಅಲ್ಲೇ ಉಳಿಸಿ, ಮಿಕ್ಕವನ್ನು ಅಕ್ಕನ ಮುಂದಿಟ್ಟ.

"ಇದೊಂದು ಸಲ ಸಿಕ್ಕಿದ್ದಿರಬಹುದು," ಎಂದಳವಳು.

"ನಾಳೆ ಮಧ್ಯಾಹ್ನದವರೆಗೆ ತಾಳಕ್ಕ."

ಭಾನುವಾರ ಮಧ್ಯಾಹ್ನ ಇಬ್ಬರೂ ಹೋಗಿ ನೋಡಿದರೆ, ಗೆರೆಯಿದ್ದ ನಾಲ್ಕರ ಪಕ್ಕದಲ್ಲಿ ಗೆರೆಯಿಲ್ಲದ ಮೂರು ಬೆಚ್ಚಗಿದ್ದವು.

ಅಕ್ಕ ಒಂದನ್ನು ಕೆನ್ನೆಗೊತ್ತಿಕೊಂಡು, "ಮಾರೋದು ಬೇಡ ಬಿಡೋ. ನಿನ್ನ ಹುಂಜಗಳು ಭಾರೀ ಕೆಲಸಗಾರರು!" ಎಂದಳು.