ಸೂಜಿಯ ಮೇಲೆ ಹಾಕಿದ ತಪ್ಪು

ಮೊನ್ನೆ ಜಲನಗರದ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆಗೆ ಅಕ್ಕ ನೆನಪಾದಳು...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಾನು ಪ್ರಯೋಗಾಲಯಕ್ಕೆ ಸೇರಿದಾಗ ಕೈಹಿಡಿದು ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್. ಕಾಮಣಿ ತರುವ ಹೆಪಟೈಟಿಸ್ ಬಿ ವೈರಸ್ಸು ಊರಿಂದ ಊರಿಗೆ ಹೇಗೆ ಬದಲಾಗಿದೆ ಎಂದು ನೋಡುವುದು ನಮ್ಮ ಕೆಲಸ. ಬಬಲೇಶ್ವರ, ತಿಕೋಟಾ, ಸೊಲ್ಲಾಪುರದ ಕಡೆಯ ರೋಗಿಗಳ ರಕ್ತ ತಂದು, ವೈರಸ್ಸಿನ ಜೀನೋಮ್ ಓದಿಸಿ, ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿದ್ದೆವು. ದಿನವಿಡೀ ಪರದೆಯ ಮೇಲೆ ಎ, ಟಿ, ಜಿ, ಸಿ ಎಂಬ ಅವೇ ನಾಲ್ಕು ಅಕ್ಷರ. ಸಂಜೆಗೆ ಕಣ್ಣು ಉರಿಯುತ್ತಿತ್ತು.

ಬಬಲೇಶ್ವರದಲ್ಲಿ ಒಮ್ಮೆ ರೋಗಿಯೊಬ್ಬನ ರಕ್ತ ತೆಗೆದ ಸೂಜಿ ಅಕ್ಕನ ಬೆರಳಿಗೆ ಚುಚ್ಚಿತ್ತು. ಆಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಅವಳೂ ಸಹ. ಕೆಲವು ವರ್ಷಗಳ ಮೇಲೆ ಅವಳ ರಕ್ತದಲ್ಲೂ ವೈರಸ್ಸು ಸಿಕ್ಕಿತು. ಅಷ್ಟರಲ್ಲಿ ಲಿವರ್ ಕೆಟ್ಟಿತ್ತು. ಕೆಲಸದಿಂದ ಬಂದ ರೋಗವೆಂದು ಅರ್ಜಿ ಕೊಟ್ಟಳು, ಕಚೇರಿ ಪುರಾವೆ ಕೇಳಿತು. ಅಕ್ಕ ಜಗಳಾಡಲಿಲ್ಲ. ಆ ರೋಗಿಯ ರಕ್ತ ಇನ್ನೂ ಫ್ರೀಜರಿನಲ್ಲಿದೆ, ನನ್ನದರ ಜೊತೆ ಇಟ್ಟು ನೋಡು ಎಂದಳು.

ನೋಡಿದೆ. ಎರಡೂ ವೈರಸ್ಸುಗಳಿಗೆ ಹತ್ತಿರದ ಸಂಬಂಧವೇ ಇರಲಿಲ್ಲ. ಮತ್ತೊಮ್ಮೆ ಓದಿಸಿದರೂ ಅದೇ ಬಂತು. ಅಂದರೆ ರೋಗ ಆ ಸೂಜಿಯಿಂದ ಬಂದದ್ದಲ್ಲ. ಮರುವಾರ ಅಕ್ಕ ತನ್ನೂರು ತಿಕೋಟಾಕ್ಕೆ ಹೋಗಿ, ಲಿವರ್ ಪರೀಕ್ಷೆಗೆಂದು ಒಪ್ಪಿಸಿ ತನ್ನ ಅವ್ವನ ರಕ್ತ ತಂದಳು. ಅದು ಅಕ್ಕನದಕ್ಕೆ ಹೆಚ್ಚುಕಡಿಮೆ ಪೂರ್ತಿ ಹೊಂದಿತು. ಅಕ್ಕ ಹುಟ್ಟುವಾಗಲೇ ರೋಗ ಅವ್ವನಿಂದ ಬಂದಿತ್ತು... ಇಷ್ಟು ವರ್ಷ ಇಬ್ಬರಿಗೂ ಗೊತ್ತಿರಲಿಲ್ಲ.

"ಸೂಜಿ ಚುಚ್ಚಿ ಬಂತು ಅಂತನ ಅವ್ವಗ ಹೇಳೇನಿ. ನೀನೂ ಹಂಗ ಹೇಳು," ಅಂದಳು ಅಕ್ಕ.

ಅರ್ಜಿ ವಾಪಸ್ ತೆಗೆದುಕೊಂಡಳು. ಅವ್ವನಿಗೆ ಗುಳಿಗೆ ಶುರು ಮಾಡಿಸಿದಳು. ತಾನು ಮಾತ್ರ ಎರಡು ವರ್ಷ ದಾಟಲಿಲ್ಲ.

ಮೊನ್ನೆ ಕ್ಲಿನಿಕ್ಕಿನಿಂದ ಮನೆಗೆ ಹೋಗಲು ಮನಸ್ಸಾಗದೆ ತಿಕೋಟಾ ಬಸ್ಸು ಹತ್ತಿದೆ. ಅಕ್ಕನ ಅವ್ವ ಸಣ್ಣ ಮಗನ ಮನೆಯ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಸೊಸೆ ಚಹಾ ಕೊಟ್ಟು ಒಳಗೆ ಹೋದ ಮೇಲೆ ಅವ್ವ ತಗ್ಗಿದ ದನಿಯಲ್ಲಿ ಕೇಳಿದಳು:

"ನಾ ತಗೊಳ್ಳೂ ಗುಳಿಗಿನ ಆಕಿಗೂ ಕೊಟ್ಟಿದ್ರು. ನಂದೂ ಆಕಿದೂ ಒಂದ ಬ್ಯಾನಿ ಏನಪಾ?"

"ಅಲ್ಲಬೇ. ಬ್ಯಾರೆ," ಎಂದೆ. ಅಕ್ಕ ಇದ್ದಾಗ ಈ ಸುಳ್ಳಿಗೆ ಇಬ್ಬರಿದ್ದೆವು. ಈಗ ಒಬ್ಬನೇ ಹೇಳುವಾಗ ಸುಸ್ತಾಗುತ್ತದೆ.

ಅವ್ವ ಮತ್ತೆ ಮೆಂತ್ಯೆಗೆ ಕೈ ಹಾಕಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಹಂಗಾದ್ರ ಚಲೋ ಆತು ಬಿಡು," ಅಂದಳು.