ಲೇಸರ್ ಆದ ಮೇಲಿನ ನಾಲ್ಕು ಗಂಟೆ

ಮದುವೆಯಾಗಿ ಜೆ.ಪಿ. ನಗರದ ಮನೆಗೆ ಬಂದು ಆರು ವರ್ಷವಾಗಿದ್ದರೂ ಮಾವನವರ ಜೊತೆ ನಾನು ಕೂತು ಮಾತಾಡಿದ್ದು ಕಡಿಮೆ. ಅತ್ತೆ ಇರುವವರೆಗೆ ಅವರಿಗೆ ಕಾಫಿ ಬೇಕೆಂಬುದೂ ಅತ್ತೆಯ ಮೂಲಕವೇ ತಿಳಿಯುತ್ತಿತ್ತು. ಅತ್ತೆ ಹೋದ ಮೇಲೆ ಹಗಲೆಲ್ಲ ನಾವಿಬ್ಬರೇ. ಅವರು ವರಾಂಡದಲ್ಲಿ, ನಾನು ಒಳಗೆ. ಮನೆಯ ಮುಂದೆ ಖಾಲಿ ಸೈಟುಗಳು, ಅದರಾಚೆ ರಾಗಿ ಹೊಲ. ಮಧ್ಯಾಹ್ನ ಒಂದು ಸೈಕಲ್ ಹೋದರೂ ಕೇಳಿಸುವಷ್ಟು ನಿಶ್ಶಬ್ದ.

ಮಾವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಪತ್ರಿಕೆ ಓದುವಾಗ ಅಚ್ಚಿನ ತಪ್ಪುಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಎಡಗಣ್ಣು ಮೊದಲಿನಿಂದಲೂ ಮಂದ. ಬಲಗಣ್ಣಿನ ಪೊರೆ ತೆಗೆಸಿ, ಆಗಷ್ಟೇ ಬಳಕೆಗೆ ಬರುತ್ತಿದ್ದ ಲೆನ್ಸ್ ಒಳಗೇ ಹಾಕಿಸಿಕೊಂಡ ಮೇಲೆ ಪೆನ್ಸಿಲ್ ಮತ್ತೆ ಚುರುಕಾಗಿತ್ತು. ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ಹಳೆಯ ಪೇಪರನ್ನು ಕಪಾಟಿಗೆ ಹಾಸುತ್ತಾ ನೋಡುತ್ತೇನೆ, ಎರಡು ವಾರದಿಂದ ಒಂದೂ ಗುರುತಿಲ್ಲ. ಕೇಳಿದರೆ, ಪೇಪರಿನವರು ಈಗೀಗ ಮಸಿ ಕಡಿಮೆ ಹಾಕುತ್ತಿದ್ದಾರೆ ಅಂದರು.

ಗಂಡನಿಗೆ ಫ್ಯಾಕ್ಟರಿಯಲ್ಲಿ ಮೊದಲ ಪಾಳಿ. ಹಾಗಾಗಿ ಜಯನಗರದ ಕಣ್ಣಿನ ಡಾಕ್ಟರ ಹತ್ತಿರ ಮಾವನವರನ್ನು ನಾನೇ ಕರೆದುಕೊಂಡು ಹೋದೆ. ಆಪರೇಷನ್ನಿನಲ್ಲಿ ಲೆನ್ಸಿನ ಆಸರೆಗೆಂದು ಹಿಂದೆ ಬಿಟ್ಟಿದ್ದ ತೆಳು ಪದರ ಮಂಜಾಗಿದೆ, ಲೇಸರ್‌ನಿಂದ ಅದರಲ್ಲೊಂದು ಕಿಂಡಿ ಮಾಡಿದರೆ ಸಾಕು, ಕೊಯ್ಯುವುದೇನಿಲ್ಲ ಎಂದು ಡಾಕ್ಟರಮ್ಮ ವಿವರಿಸಿದರು. ಆ ಯಂತ್ರ ಆಗ ಊರಲ್ಲಿ ಕೆಲವೇ ಕಡೆ ಇತ್ತು. ಮುಂದಿನ ವಾರ ಬರಹೇಳಿದರು.

ಲೇಸರ್ ಐದೇ ನಿಮಿಷದಲ್ಲಿ ಮುಗಿಯಿತು. ನೋವಿಲ್ಲ, ಟಿಕ್ ಟಿಕ್ ಸದ್ದು ಮಾತ್ರ ಎನ್ನುತ್ತಾ ಮಾವ ಹೊರಗೆ ಬಂದರು. ಚಪ್ಪಲಿ ಹಾಕಿಕೊಳ್ಳಲು ಹೊರಟವರನ್ನು ನರ್ಸ್ ತಡೆದಳು. ಇದಾದ ಮೇಲೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಒಂದು ಗಂಟೆ ಬಿಟ್ಟು ಅಳೆಯಬೇಕು ಅಂದಳು. ಮಾವ ಗೊಣಗುತ್ತಾ ಬೆಂಚಿನ ಮೇಲೆ ಕೂತರು.

ಗಂಟೆಯ ನಂತರ ಅಳೆದಾಗ ಬೆಳಿಗ್ಗೆ ಹದಿನಾರಿದ್ದದ್ದು ಮೂವತ್ತನಾಲ್ಕಾಗಿತ್ತು. ಹುಬ್ಬಿನ ಮೇಲೆ ಭಾರ ಅನ್ನಿಸುತ್ತಿದೆ ಎಂದು ಆಗ ಒಪ್ಪಿಕೊಂಡರು. ಡಾಕ್ಟರಮ್ಮ ಗಾಬರಿಪಡಲಿಲ್ಲ. ಕಣ್ಣಿಗೆ ಹನಿ ಹಾಕಿಸಿ, ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒತ್ತಡ ಇಳಿಯಲೆಂದು ಗ್ಲಿಸರಿನ್‌ಗೆ ನಿಂಬೆರಸ ಹಿಂಡಿಸಿ ಲೋಟದಲ್ಲಿ ಕೊಡಿಸಿದರು. ಮಾವ ಲೋಟ ಹಿಡಿದುಕೊಂಡೇ ಕೂತರು, ಕುಡಿಯಲಿಲ್ಲ.

"ನಮ್ಮಮ್ಮನಿಗೂ ಹೀಗೇ ಆಗಿತ್ತು ಕಣಮ್ಮ," ಅಂದರು. "ಕಣ್ಣು ಕಲ್ಲಿನ ಥರ ಗಟ್ಟಿ ಆಗೋಗಿತ್ತು. ಹಣೆಗೆ ಬಟ್ಟೆ ಕಟ್ಕೊಂಡು ಮೂಲೇಲಿ ಕೂತಿರೋಳು. ಒತ್ತಡ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಏನೂ ಕಾಣ್ಲೇ ಇಲ್ಲ ಅವಳಿಗೆ."

ಈ ವಿಷಯ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ನಾನು ಎದ್ದು ಹೋಗಿ, ಡಾಕ್ಟರಮ್ಮನಿಗೆ ಇದನ್ನು ಹೇಳಿ ಅವರನ್ನೇ ಕರೆತಂದೆ. ಅವರು ಮಾವನ ಪಕ್ಕದಲ್ಲೇ ಕೂತು, "ನಿಮ್ಮ ತಾಯಿಗೆ ವರ್ಷಗಟ್ಲೆ ಇತ್ತು ಸಾರ್, ಯಾರೂ ಅಳೀಲಿಲ್ಲ. ನಿಮಗೆ ಒಂದು ಗಂಟೆಯಿಂದ ಇದೆ, ನಾವು ಅಳೀತಾ ಇದೀವಿ. ಕುಡೀರಿ," ಅಂದರು.

ಮಾವ ಮುಖ ಹಿಂಡಿಕೊಂಡು ಒಂದೇ ಉಸಿರಿಗೆ ಕುಡಿದರು.

ಇನ್ನೂ ಮೂರು ಗಂಟೆ ಕಾಯಬೇಕಿತ್ತು. ಕಿಟಕಿಯಾಚೆ ಮರದಡಿ ಹಳದಿ ಹೂ ರಾಶಿ ಬಿದ್ದಿತ್ತು. ಹತ್ತು ನಿಮಿಷಕ್ಕೊಂದು ಬಸ್ಸು. ಮಾವ ತಮ್ಮ ತಾಯಿಯ ಬಗ್ಗೆ ಹೇಳುತ್ತಾ ಹೋದರು. ಕಣ್ಣು ಹೋದ ಮೇಲೂ ಆಕೆ ಅವರೆಕಾಯಿ ಸುಲಿಯುತ್ತಿದ್ದುದು, ಹುಳುಕನ್ನು ಬೆರಳಲ್ಲೇ ಗುರುತಿಸುತ್ತಿದ್ದುದು, ಮಗನ ಮೊದಲ ಸಂಬಳದ ಸೀರೆಯ ಬಣ್ಣವನ್ನು ಮೂರು ಸಲ ಕೇಳಿದ್ದು. ನಾನು ತುಮಕೂರಿನ ನಮ್ಮಜ್ಜಿಯ ಕಥೆ ಹೇಳಿದೆ. ನಡುವೆ ಅವರು ಗೋಡೆಯ ಸೂಚನಾಫಲಕದತ್ತ ನೋಡಿ, 'ಮೌನ'ದಲ್ಲಿ 'ನ' ಬದಲು 'ಣ' ಹಾಕಿಬಿಟ್ಟಿದ್ದಾರೆ ಎಂದು ಮುಖ ಸಿಂಡರಿಸಿದರು. ಅಷ್ಟು ದೂರದಿಂದ ಓದಿದ್ದರು! ನಾನು ನಕ್ಕುಬಿಟ್ಟೆ, ಅವರೂ ನಕ್ಕರು.

ಕೊನೆಗೆ ಅಳೆದಾಗ ಹತ್ತೊಂಬತ್ತಕ್ಕೆ ಇಳಿದಿತ್ತು. ಒಂದು ವಾರ ಹನಿ ಹಾಕಲು ಹೇಳಿ, ನಾಳೆ ಬನ್ನಿ ಎಂದು ಕಳಿಸಿದರು. ಮನೆಯಲ್ಲಿ ಮಾಡಿಟ್ಟ ಅನ್ನ ಆರಿಹೋಗಿರುತ್ತದೆ ಎನ್ನುತ್ತಾ ಮಾವ ನನ್ನನ್ನು ಹೋಟೆಲಿಗೆ ಕರೆದೊಯ್ದರು. ಅವರ ಎದುರು ಕೂತು ಮಸಾಲೆ ದೋಸೆ ತಿಂದದ್ದು ಅದೇ ಮೊದಲು. ಮೊದಮೊದಲು ಸಂಕೋಚ, ಚಟ್ನಿ ಮುಗಿಯುವಷ್ಟರಲ್ಲಿ ಅದೂ ಹೋಗಿತ್ತು.

ಒತ್ತಡ ಮತ್ತೆ ಏರಲಿಲ್ಲ. ಆದರೂ ತಾಯಿಯ ನೆನಪಿಗೆ ಹೆದರಿ ವರ್ಷಕ್ಕೊಮ್ಮೆ ಅಳೆಸುತ್ತಿದ್ದರು. ಮಗ ರಜೆ ಹಾಕುತ್ತೇನೆಂದರೆ ಬೇಡವೆನ್ನುತ್ತಿದ್ದರು. ಒಳಬಾಗಿಲಲ್ಲಿ ನಿಂತು, "ನಾಳೆ ಬಿಡುವಿದ್ಯೇನಮ್ಮ?" ಅಂತ ನನ್ನನ್ನೇ ಕೇಳುತ್ತಿದ್ದರು.