ಪಕ್ಕದ ಮನೆಯ ಗಿನಿ ಪಿಗ್ ಮತ್ತು ಒಂದು ಕೆಮ್ಮು

ಪಕ್ಕದ ಮನೆಯವರು ಶಾಲೆಯ ರಜೆಗೆ ಕೊಲ್ಲಿ ದೇಶದ ದಮ್ಮಾಮಿಗೆ ಹೊರಟಾಗ ಅವರ ಗಿನಿ ಪಿಗ್ ನಮ್ಮ ಮನೆಗೆ ಬಂತು. ಹುಡುಗಿಯ ಅಪ್ಪ ಅಲ್ಲಿ ಕೆಲಸದಲ್ಲಿದ್ದಾರೆ. ತಾಯಿ ಮಗಳು ವರ್ಷಕ್ಕೊಮ್ಮೆ ಹೋಗಿ ಅವರೊಟ್ಟಿಗೆ ಇದ್ದು ಬರುತ್ತಾರೆ. ಆರನೇ ಕ್ಲಾಸಿನ ಆ ಹುಡುಗಿ ಪಂಜರವನ್ನು ನಮ್ಮ ಬಾಲ್ಕನಿಯಲ್ಲಿಟ್ಟು, ಒಣಹುಲ್ಲು ಎಷ್ಟು, ನೀರಿನ ಬಾಟಲಿ ಹೇಗೆ ಎಂದೆಲ್ಲ ಹೇಳಿಕೊಟ್ಟಳು. ಹೊರಡುವಾಗ, "ಆಂಟಿ, ಅದು ಕೆಲವೊಮ್ಮೆ ಸುಮ್ಮನೆ ಕೂಗ್ತದೆ, ಎಂತ ಇಲ್ಲ" ಅಂದಳು. ಅಂದಳು ಎಂದು ಈಗ ನನಗನಿಸುತ್ತದೆ. ಮುಂದಿನದ್ದೆಲ್ಲ ಗೊತ್ತಾದ ಮೇಲೆ ಆ ಮಾತನ್ನು ನಾನೇ ಅವಳ ಬಾಯಿಗೆ ಹಾಕಿರಲೂಬಹುದು. ಆ ದಿನದ ಡೈರಿಯಲ್ಲಿರುವುದು ಪಂಜರ, ಹುಲ್ಲು ಮತ್ತು ಅವಳ ಹೊಸ ಚಪ್ಪಲಿ ಮಾತ್ರ.

ಕೂಗು ನನಗೆ ಕೇಳಿಸಿದ್ದು ಅವರು ಹೋದ ಕೆಲವು ದಿನಗಳ ನಂತರ. ಪ್ರಾಣಿ ಮೂಲೆಯಲ್ಲಿ ಬೆನ್ನು ಗೂನು ಮಾಡಿ ನಿಂತು ತೆಳುವಾದ ಸಿಳ್ಳೆಯಂಥ ಸ್ವರ ಹೊರಡಿಸಿತು. ಅದು ಸರಿದ ಮೇಲೆ ಹಾಸಿದ ಬಟ್ಟೆಯಲ್ಲಿ ತಿಳಿಗೆಂಪು ಕಲೆ ಕಂಡಿತು. ಕ್ಯಾರೆಟ್ಟಿನ ಬಣ್ಣವಿರಬೇಕು ಎಂದುಕೊಂಡೆ. ಕೆಳಗಿನ ಮನೆಯ ಹೆಂಗಸು ಬಂದು ನೋಡಿ ಬಾಳೆದಿಂಡಿನ ರಸ ಕುಡಿಸಲು ಹೇಳಿದರು. "ನಮ್ಮ ಇವರ ಮೂತ್ರದ ಕಲ್ಲು ಹೋದದ್ದು ಅದರಲ್ಲೇ ಮಾರಾಯ್ರೆ. ಇಷ್ಟು ಸಣ್ಣದಕ್ಕೆ ಒಂದು ಚಮಚ ಧಾರಾಳ." ಅದು ಬಾಯಿಯನ್ನೇ ತೆರೆಯಲಿಲ್ಲ.

ಬುಟ್ಟಿಯಲ್ಲಿ ಟವೆಲು ಹಾಸಿ, ಕುಲಶೇಖರದಿಂದ ಕೊಡಿಯಾಲ್‌ಬೈಲಿಗೆ ರಿಕ್ಷಾ ಹಿಡಿದೆ. ನಂತೂರಿನಲ್ಲಿ ಲಾರಿಗಳ ಮಧ್ಯೆ ನಿಂತಾಗ ಡ್ರೈವರ್ ತಿರುಗಿ ನೋಡಿದ.

"ಎಂತ ಬಾಯಮ್ಮ, ಮೊಲವಾ?"

"ಗಿನಿ ಪಿಗ್. ಮೂತ್ರದ ತೊಂದರೆ."

"ಇದಕ್ಕೂ ಬರ್ತದಾ ಅದು? ನನ್ನ ಮಾವನಿಗೆ ಬಂದಾಗ ನಾನು ಇಷ್ಟು ಜೋರು ಬಿಡ್ಲಿಲ್ಲ."

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂತ್ರಕೋಶದಲ್ಲಿ ಹೆಸರುಕಾಳಿನಷ್ಟು ಬಿಳಿ ಚುಕ್ಕೆ, ಕಲ್ಲು. ಸದ್ಯಕ್ಕೆ ಸೋಂಕಿಗೂ ನೋವಿಗೂ ಮದ್ದು. ಹರಿವೆ, ಪಾಲಕ್ ನಿಲ್ಲಿಸಿ ಮುಳ್ಳುಸೌತೆ ಕೊಡಬೇಕು. ಆಮೇಲೆ ಆಪರೇಷನ್.

"ನಿಮ್ಮದೇ ಪ್ರಾಣಿಯಾ?"

"ಅಲ್ಲ, ಪಕ್ಕದ ಮನೆಯವರದ್ದು."

"ಹಾಗಾದ್ರೆ ಅವರನ್ನು ಕೇಳಿ ಹೇಳಿ. ಅರಿವಳಿಕೆ ಕೊಟ್ಟರೆ ಇವು ಕೆಲವೊಮ್ಮೆ ಏಳುವುದಿಲ್ಲ. ಹಾಗಂತ ಬಿಟ್ಟರೆ ಒಂದು ದಿನ ಕಲ್ಲು ದಾರಿಗೆ ಅಡ್ಡ ಬಂದು ಕೂತುಕೊಳ್ತದೆ."

ಹುಡುಗಿಯ ತಾಯಿಗೆ ವಾಟ್ಸಾಪಿನಲ್ಲಿ ಎಲ್ಲ ಬರೆದೆ. ಉತ್ತರ ವಾಯ್ಸ್ ಮೆಸೇಜಿನಲ್ಲಿ ಬಂತು, ಪಿಸುದನಿಯಲ್ಲಿ. "ಆಪರೇಷನ್ ಮಾಡಿಸುವ, ಟೀಚರ್. ನಿಮಗೆ ಸರಿ ಕಂಡ ಹಾಗೆ ಮಾಡಿ. ಮಗಳಿಗೆ ಮಾತ್ರ ಹೇಳುವುದು ಬೇಡ. ಅವಳ ಅಪ್ಪನಿಗೆ ಅವಳು ಸಿಗುವುದೇ ಈ ರಜೆಯಲ್ಲಿ. ಅವಳು ಅಳ್ತಾ ಕೂತ್ರೆ ಅವರಿಗೂ ಬೇಜಾರು. ಊರಿಗೆ ಬಂದ ಮೇಲೆ ನೋಡುವ."

ನನಗೆ ಆಶ್ಚರ್ಯವಾಗಲಿಲ್ಲ. ನಾನು ಬೆಳೆದದ್ದೂ ಇದೇ ಕ್ರಮದಲ್ಲಿ. ನನ್ನ ಅಪ್ಪ ಬಹರೇನಿನಲ್ಲಿದ್ದ ಕಾಲದಲ್ಲಿ ನಮ್ಮ ಮನೆಯಿಂದ ಅವರಿಗೆ ಕ್ಯಾಸೆಟ್ಟುಗಳು ಹೋಗುತ್ತಿದ್ದವು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ಟೇಪ್ ರೆಕಾರ್ಡರಿನ ಸುತ್ತ ಕೂತು, ಎಲ್ಲರೂ ಸರದಿಯಂತೆ ಮಾತಾಡುವುದು. ಅಜ್ಜಿ ಆಗ ಒಳಕೋಣೆಯಲ್ಲಿ ಮಲಗಿರುತ್ತಿದ್ದರು. ಅವರಿಗೆ ಕೆಮ್ಮು ಬಂದ ಕೂಡಲೇ ಅಮ್ಮ ಬಟನ್ ಒತ್ತಿ ನಿಲ್ಲಿಸುತ್ತಿದ್ದರು. ಕೆಮ್ಮು ನಿಂತ ಮೇಲೆ ನಾವು ಮುಂದುವರಿಸುತ್ತಿದ್ದೆವು. ನನ್ನ ನೆನಪು ಹೀಗಿದೆ. ಅಕ್ಕ ಹೇಳುವುದು ಬೇರೆ. ಅಜ್ಜಿಯೇ ಒಳಗಿನಿಂದ ಮಂಚದ ಪಟ್ಟಿ ತಟ್ಟಿ "ನಿಲ್ಲಿಸಿ" ಎಂದು ಸೂಚನೆ ಕೊಡುತ್ತಿದ್ದರಂತೆ. ಅಕ್ಕ ನನಗಿಂತ ದೊಡ್ಡವಳು, ಹೆಚ್ಚು ಕಂಡವಳು. ಕಥೆಯನ್ನು ಚೆಂದ ಮಾಡುವವಳೂ ಹೌದು. ಅಜ್ಜಿಯ ಕಾಯಿಲೆ ಅಪ್ಪನಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಮದ್ದು ನಡೆಯುತ್ತಿದ್ದ ಆ ವಾರ ನಾನು ಪ್ರಾಣಿಯನ್ನು ಮಡಿಲಲ್ಲಿಟ್ಟು ಸಿರಿಂಜಿನಿಂದ ಬಾಯಿಯ ಬದಿಗೆ ಹನಿಹನಿಯಾಗಿ ನೀರು ಬಿಡುತ್ತಿದ್ದೆ. ಒದ್ದೆಯಾದ ಹಿಂಭಾಗವನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸದಿದ್ದರೆ ಚರ್ಮ ಹುಣ್ಣಾಗುತ್ತಿತ್ತು. ಅದು ನನ್ನ ಸೀರೆಯ ಮೇಲೆಯೇ ಮೂತ್ರ ಮಾಡಿದರೆ ನನಗೆ ಸಂತೋಷ, ಒಂದಿಷ್ಟಾದರೂ ಬಂತಲ್ಲ ಎಂದು. ಅಷ್ಟು ಹೊತ್ತು ಯಾವ ಜೀವವನ್ನೂ ನಾನು ಹಾಗೆ ನೋಡುತ್ತಾ ಕೂತಿರಲಿಲ್ಲ. ಅದು ಪ್ರೀತಿಯೋ, ಬೇರೆಯವರ ವಸ್ತು ನನ್ನ ಕೈಯಲ್ಲಿ ಹಾಳಾಗಬಾರದೆಂಬ ಭಯವೋ, ನನಗೆ ತಿಳಿಯದು.

ಹುಡುಗಿ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅದು ಹುಲ್ಲು ತಿನ್ನುವಾಗ ತೋರಿಸಿ ಬೇಗ ಮುಗಿಸುತ್ತಿದ್ದೆ. ಆಪರೇಷನ್ನಿನ ಹಿಂದಿನ ಸಂಜೆ ಅವಳು ಬಿಡಲಿಲ್ಲ. "ಮಡಿಲಲ್ಲಿ ಇಟ್ಕೊಳ್ಳಿ ಆಂಟಿ, ನಾನು ಸ್ವಲ್ಪ ಮಾತಾಡ್ತೇನೆ." ಇಟ್ಟುಕೊಂಡೆ. ಅದು ಬೆನ್ನು ಗೂನು ಮಾಡಿತು. ಕೂಗು ಹೊರಡುವ ಮೊದಲೇ ನನ್ನ ಹೆಬ್ಬೆರಳು ಮ್ಯೂಟ್ ಒತ್ತಿತ್ತು.

ಮತ್ತೆ ಸ್ವರ ತೆರೆದಾಗ ಅವಳು ನನ್ನನ್ನೇ ನೋಡುತ್ತಿದ್ದಳು.

"ಈಗ ಕೂಗಿತಲ್ಲ? ಉಚ್ಚೆ ಮಾಡುವಾಗ. ಮೊದಲೂ ಹಾಗೆ ಕೂಗ್ತಿತ್ತು."

"ಮೊದಲು ಅಂದ್ರೆ?"

"ಅಲ್ಲಿ ನಮ್ಮ ಮನೆಯಲ್ಲಿ ಇರುವಾಗ. ಹೇಳಿದ್ರೆ ಉಮ್ಮ ಟಿಕೆಟ್ ಕ್ಯಾನ್ಸಲ್ ಮಾಡ್ತಾರೆ ಅಂತ ಹೇಳ್ಲಿಲ್ಲ. ಇಲ್ಲದಿದ್ರೆ ಇದನ್ನು ಯಾರಿಗಾದ್ರೂ ಕೊಟ್ಟುಬಿಡ್ತಿದ್ರು."

ಹಿಂದಿನಿಂದ ತಾಯಿಯ ಸ್ವರ ಬಂತು. "ಅಷ್ಟು ದಿನದಿಂದ ಗೊತ್ತಿದ್ದೂ ನನಗೆ ಹೇಳ್ಲಿಲ್ಲ ನೀನು?"

"ನೀವು ನನಗೆ ಹೇಳಿದ್ರಾ? ಆಂಟಿಯ ಮುಖ ನೋಡಿಯೇ ನನಗೆ ಗೊತ್ತಾಗಿತ್ತು."

ಅಷ್ಟರಲ್ಲಿ ಫೋನು ಕೈ ಬದಲಾಯಿತು. ಹುಡುಗಿಯ ಅಪ್ಪ. ಅವರೊಡನೆ ನಾನು ಮಾತಾಡಿದ್ದೇ ಕಡಿಮೆ. ಆಗ ತಾನೇ ಡ್ಯೂಟಿಯಿಂದ ಬಂದಿದ್ದರೋ ಏನೋ, ಕೊರಳಲ್ಲಿ ಐಡಿ ಕಾರ್ಡ್ ಇತ್ತು.

"ಎಂತ ಆಗಿದೆ ಅಂತ ಸರಿಯಾಗಿ ಹೇಳಿ ಟೀಚರ್. ಮುಚ್ಚಿಡಬೇಡಿ. ಊರಿನದ್ದೆಲ್ಲ ಮುಗಿದ ಮೇಲೆಯೇ ನನಗೆ ಗೊತ್ತಾಗುದು. ನಮ್ಮ ಬಾಪನ ಕಾಯಿಲೆಯದ್ದೂ ಹಾಗೆಯೇ ಆಯ್ತು. ಫೋನಲ್ಲಿ ಇವರೆಲ್ಲ ನಗ್ತಾ ಮಾತಾಡುವಾಗ ನನಗೆ ಗೊತ್ತಾಗುದಿಲ್ಲ ಅಂತ ಮಾಡಿದ್ದಾರೆ."

ನಾನು ಕಲ್ಲಿನ ವಿಷಯ, ಅರಿವಳಿಕೆಯ ವಿಷಯ, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿ, ಎಕ್ಸ್‌ರೇಯ ಚಿತ್ರ ಕಳಿಸಿದೆ. ಅಪ್ಪ ಮಗಳು ತಲೆಗೆ ತಲೆ ತಾಗಿಸಿ ಅದನ್ನು ನೋಡಿದರು. ಅವಳು ಅತ್ತಳು. ಅವರು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. ರಜೆ ಹಾಳಾಯಿತು ಎನ್ನುವ ಮುಖವಾಗಿರಲಿಲ್ಲ ಅದು.

"ಮಾಡಿಸಿ ಆಂಟಿ" ಅಂದಳು ಕೊನೆಗೆ. "ಏಳದಿದ್ರೆ ಅದೇ ದಿನ ಹೇಳ್ಬೇಕು."

ಫೋನು ಇಟ್ಟ ಮೇಲೆ ತುಂಬ ಹೊತ್ತು ನಾನು ಯೋಚಿಸಿದ್ದು ನನ್ನ ಅಪ್ಪನ ಬಗ್ಗೆ. ಕ್ಯಾಸೆಟ್ಟು ನಿಲ್ಲಿಸಿ ಮತ್ತೆ ಶುರುಮಾಡಿದಲ್ಲೆಲ್ಲ ಟಕ್ ಎಂಬ ಸದ್ದು ಉಳಿದಿರುತ್ತದೆ. ನಾವು ಕೆಮ್ಮನ್ನು ತೆಗೆದಿದ್ದೆವು, ಸದ್ದನ್ನಲ್ಲ. ದೂರದ ಕೋಣೆಯಲ್ಲಿ ಒಬ್ಬರೇ ಕೂತು ಕೇಳಿದ ಅಪ್ಪ ಆ ಸದ್ದುಗಳಿಂದ ಏನು ತಿಳಿದುಕೊಂಡರೋ. ಅವರು ಇದ್ದಾಗ ಕೇಳಬಹುದಿತ್ತು. ಕೇಳಬೇಕೆಂದು ಆಗ ಹೊಳೆದಿರಲಿಲ್ಲ.

ಮರುದಿನ ಡಾಕ್ಟರು ಟವೆಲಿನಲ್ಲಿ ಸುತ್ತಿದ ಪ್ರಾಣಿಯನ್ನು ತಂದು ನನ್ನ ಕೈಗಿಟ್ಟರು. "ಕಲ್ಲು ಬಂತು. ಇನ್ನು ಇದು ಏಳಬೇಕು" ಅಂದರು. ಅದರ ಕಣ್ಣು ಅರೆತೆರೆದಿತ್ತು, ಮೈ ತಣ್ಣಗಿತ್ತು. ಎದ್ದ ಮೇಲೆ ಫೋನ್ ಮಾಡುವುದೇ ಸರಿ ಎಂದು ಒಮ್ಮೆ ಅನಿಸಿತು. ಹಾಗೆ ಅನಿಸಿದ್ದರಿಂದಲೇ ಆಗಲೇ ಮಾಡಿದೆ.

ಮೂವರೂ ತೆರೆಯ ಮೇಲೆ ಬಂದರು. ನಾನು ಟವೆಲಿನ ಮೇಲಿಂದ ಮೈ ಉಜ್ಜುತ್ತಾ ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮೊದಲು ಮೂಗು ಅಲುಗಿತು. ಆಮೇಲೆ ಮುಂಗಾಲು. ಕೊನೆಗೆ ನನ್ನ ಅಂಗೈಗೆ ಬಿಸಿ ತಾಗಿತು, ಟವೆಲು ಒದ್ದೆಯಾಯಿತು, ಆ ತೆಳುವಾದ ಸಿಳ್ಳೆ ಹೊರಟಿತು. ಗಾಯದ ನೋವು ಇನ್ನೂ ಇರುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಹತ್ತಿರ ಹಿಡೀರಿ ಆಂಟಿ" ಅಂದಳು.

ಹತ್ತಿರ ಹಿಡಿದೆ. ಅದು ಕೂಗಿ ಮುಗಿಸುವವರೆಗೂ ಅವರೆಲ್ಲ ಕೇಳಿದರು.